ಹೈಡ್ರೇಂಜಿಯಾ ಹೂ ಬಿಡುತ್ತಿಲ್ಲವೇ? ಮೊದಲು ಕತ್ತರಿ ಎತ್ತಿಡಿ

ಪ್ರಶ್ನೆ: ಮೂರು ವರ್ಷದ ಹಿಂದೆ ಕುಂಡದಲ್ಲಿ ಬೆಳೆಸಿದ ಹೈಡ್ರೇಂಜಿಯಾ ಗಿಡವೊಂದು ನನಗೆ ಉಡುಗೊರೆಯಾಗಿ ಬಂತು. ಆಗ ಅದರ ತುಂಬ ಕಡುನೀಲಿ ಬಣ್ಣದ ದೊಡ್ಡ ಹೂಗೊಂಚಲುಗಳಿದ್ದವು. ಹೂ ಮುಗಿದ ಮೇಲೆ ಮನೆಯ ಗೋಡೆಗೆ ಅಂಟಿದ ಪಾತಿಯಲ್ಲಿ ನೆಟ್ಟೆ. ಮರುವರ್ಷ ಬಂದದ್ದು ಎರಡೇ ಗೊಂಚಲು, ಅದೂ ಗುಲಾಬಿ ಬಣ್ಣದ್ದು. ಆಮೇಲೆ ಹೂವೇ ಇಲ್ಲ. ಗಿಡವೇನೋ ಸೊಂಪಾಗಿ ಎದೆಮಟ್ಟ ಬೆಳೆಯುತ್ತದೆ. ಪ್ರತಿವರ್ಷ ಚಳಿ ಕಳೆಯುತ್ತಿದ್ದಂತೆ ಅರ್ಧಕ್ಕೆ ಸವರುತ್ತೇನೆ. ಹುಲ್ಲುಹಾಸಿಗೆ ಹಾಕುವ ಗೊಬ್ಬರವನ್ನೇ ಇದಕ್ಕೂ ಹಾಕುತ್ತೇನೆ. ಮಧ್ಯಾಹ್ನ ಎಲೆಗಳು ಜೋತುಬೀಳುವುದರಿಂದ ದಿನಕ್ಕೆ ಎರಡು ಹೊತ್ತು ನೀರು. ಈಚೆಗೆ ಹೊಸ ಎಲೆಗಳು ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತಿವೆ. ನೀಲಿ ಬರಲೆಂದು ಬುಡದಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಹೂತು, ಕಾಫಿ ಚರಟವನ್ನೂ ಸುರಿಯುತ್ತಿದ್ದೇನೆ. ಎಲ್ಲಿ ಎಡವುತ್ತಿದ್ದೇನೆ? ಇನ್ನೊಂದು: ಮನೆಗೆ ಹೊಸದಾಗಿ ಬಂದ ನಾಯಿಮರಿ ಇದರ ಎಲೆ ಕಚ್ಚುತ್ತದೆ. ತೊಂದರೆಯಿದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅದು ಕಾಯುವಂಥದ್ದಲ್ಲ. ಹೌದು, ತೊಂದರೆಯಿದೆ. ಹೈಡ್ರೇಂಜಿಯಾದ ಎಲೆ ಮತ್ತು ಮೊಗ್ಗುಗಳಲ್ಲಿ ಹೊಟ್ಟೆಯೊಳಗೆ ಸೈನೈಡ್ ಬಿಡಬಲ್ಲ ಗ್ಲೈಕೋಸೈಡ್‌ಗಳಿವೆ. ನಾಯಿ, ಬೆಕ್ಕು, ಕುದುರೆ ಯಾವುದಕ್ಕೂ ಇದು ಆಗಿಬರುವುದಿಲ್ಲ. ಸಾಮಾನ್ಯವಾಗಿ ಕಾಣುವುದು ವಾಂತಿ, ಭೇದಿ, ಮಂಕು ಕವಿದಂತೆ ಮಲಗಿಬಿಡುವುದು. ಪ್ರಾಣಕ್ಕೇ ಕುತ್ತು ಬರುವಷ್ಟು ವಿಷವೇರುವುದು ಅಪರೂಪ. ಆದರೂ ಮರಿ ಚಿಕ್ಕದು, ಎಲೆ ದೊಡ್ಡದು. ಗಿಡದ ಸುತ್ತ ತಂತಿಬಲೆ ಕಟ್ಟಿ, ಸವರಿದ ಕಡ್ಡಿಗಳನ್ನು ಅಂಗಳದಲ್ಲಿ ಬಿಡಬೇಡಿ. ಒಂದೆರಡು ಎಲೆಗಿಂತ ಹೆಚ್ಚು ತಿಂದದ್ದು ಗೊತ್ತಾದರೆ ವಾಂತಿಯಾಗಲೆಂದು ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ.

ಇನ್ನು ಗಿಡದ ವಿಷಯ. ನೀವು ಬರೆದದ್ದನ್ನೆಲ್ಲ ನೋಡಿದರೆ ಗಿಡಕ್ಕೆ ಹೇಳಿಕೊಳ್ಳುವಂಥ ರೋಗವೇನೂ ಇಲ್ಲ. ಉಪಚಾರ ಅತಿಯಾಗಿದೆ, ಅಷ್ಟೇ. ಸವರಿದ್ದು, ಗೊಬ್ಬರ ಹಾಕಿದ್ದು, ನೀರುಣಿಸಿದ್ದು ಎಲ್ಲವೂ ಅಕ್ಕರೆಯಿಂದಲೇ. ಆದರೆ ಮೂರೂ ಸೇರಿ ಹೂವಿನ ದಾರಿಗೆ ಅಡ್ಡ ನಿಂತಿವೆ. ಅದರಲ್ಲೂ ದೊಡ್ಡ ಅಪರಾಧಿ ಕತ್ತರಿ.

ನಿಮ್ಮದು ಯಾವ ಹೈಡ್ರೇಂಜಿಯಾ ಎಂಬುದು ಗೊತ್ತಾಗದೆ ಮುಂದಿನ ಮಾತು ಆಡುವಂತಿಲ್ಲ. ಗಿಡದ ಚೀಟಿ ಕಳೆದುಹೋಗಿದ್ದರೂ ಎರಡು ಸುಳಿವು ಸಾಕು: ಉಡುಗೊರೆಯ ಕುಂಡದಲ್ಲಿ ಬಂದದ್ದು, ಮತ್ತು ನೀಲಿಯಿದ್ದದ್ದು ಗುಲಾಬಿಗೆ ತಿರುಗಿದ್ದು. ಇದು ಹೈಡ್ರೇಂಜಿಯಾ ಮ್ಯಾಕ್ರೋಫಿಲಾ, ಅಂದರೆ ದೊಡ್ಡೆಲೆಯ ಹೈಡ್ರೇಂಜಿಯಾ. ಮಣ್ಣು ನೋಡಿ ಬಣ್ಣ ಬದಲಿಸುವ ಗುಣ ಇರುವುದು ಇದಕ್ಕೆ ಮತ್ತು ಇದರ ಹತ್ತಿರದ ನೆಂಟ ಸೆರಾಟಾಕ್ಕೆ ಮಾತ್ರ. ಮ್ಯಾಕ್ರೋಫಿಲಾದ ತವರು ಜಪಾನಿನ ಕರಾವಳಿ. ತೇವದ ಗಾಳಿ, ಹುಳಿ ಮಣ್ಣು, ಹದವಾದ ಚಳಿ ಇರುವ ಜಾಗ. ಅದರ ಇಷ್ಟಾನಿಷ್ಟಗಳೆಲ್ಲ ಅಲ್ಲಿಂದಲೇ ಬಂದವು.

ಈ ಜಾತಿಯ ಗಿಡ ಈ ವರ್ಷದ ಹೂವನ್ನು ಈ ವರ್ಷ ತಯಾರಿಸುವುದಿಲ್ಲ. ಹಿಂದಿನ ಹೂಗಾಲ ಮುಗಿದ ಮೇಲೆ, ಹಗಲು ಕಿರಿದಾಗುತ್ತ ರಾತ್ರಿಯ ತಾಪಮಾನ ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಕೆಲವು ವಾರ ಹಾಗೆಯೇ ಉಳಿದಾಗ, ಕಡ್ಡಿಯ ತುದಿಯಲ್ಲಿರುವ ಮೊಗ್ಗು ಎಲೆ ಬಿಡುವ ಕೆಲಸ ನಿಲ್ಲಿಸಿ ಹೂವಿನ ಕೆಲಸಕ್ಕೆ ತೊಡಗುತ್ತದೆ. ಚಳಿಗಾಲವಿಡೀ ಆ ಮೊಗ್ಗು ತುದಿಯಲ್ಲೇ ನಿದ್ದೆ ಮಾಡುತ್ತದೆ. ಬಿಸಿಲು ಬಲಿತಾಗ ಬಿಚ್ಚಿಕೊಳ್ಳುತ್ತದೆ. ಚಳಿ ಕಳೆದ ಮೇಲೆ ನೀವು ಅರ್ಧಕ್ಕೆ ಸವರಿದಾಗ ಕಸದ ಬುಟ್ಟಿಗೆ ಹೋದದ್ದು ಒಣಕಡ್ಡಿಯಲ್ಲ, ಆ ವರ್ಷದ ಅಷ್ಟೂ ಹೂ. ಮೊದಲ ವರ್ಷ ಬಂದ ಎರಡು ಗೊಂಚಲು ನಿಮ್ಮ ಕಣ್ಣು ತಪ್ಪಿಸಿಕೊಂಡ ಕಡ್ಡಿಗಳದ್ದಿರಬೇಕು.

ಈ ಮಾತಿಗೆ ಪುರಾವೆ ಬೇಕೆಂದರೆ ಮುಂದಿನ ಚಳಿಗಾಲದ ಕೊನೆಗೆ ಒಂದೇ ಒಂದು ದಪ್ಪ ಕಡ್ಡಿಯ ತುದಿಮೊಗ್ಗನ್ನು ಕಿತ್ತು, ಹೊಸ ಬ್ಲೇಡಿನಿಂದ ಉದ್ದುದ್ದ ಸೀಳಿ ನೋಡಿ. ಹೊರಗೆ ಕಂದು ಪೊರೆ. ಅದರೊಳಗೆ ಎಳೆ ಎಲೆಗಳು ಜೋಡಿ ಜೋಡಿಯಾಗಿ, ಒಂದರ ಮೈಗೆ ಇನ್ನೊಂದು ಒತ್ತಿಕೊಂಡು ಮಡಿಸಿರುತ್ತವೆ. ಅಂಚಿನ ಗರಗಸ ಹಲ್ಲುಗಳೂ ಆಗಲೇ ಮೂಡಿರುತ್ತವೆ. ಎಲ್ಲಕ್ಕೂ ನಡುವೆ, ತೀರಾ ಚಿಕ್ಕ ಹೂಕೋಸಿನಂತೆ, ತಿಳಿಹಸಿರು ಬೊಕ್ಕೆಬೊಕ್ಕೆಯ ಗುಂಪೊಂದು ಕೂತಿರುತ್ತದೆ. ಅದೇ ಮುಂದೆ ಅಂಗೈಗಿಂತ ದೊಡ್ಡದಾಗುವ ಗೊಂಚಲು. ಎಲೆ ಮಾತ್ರ ಬಿಡುವ ಮೊಗ್ಗಿನಲ್ಲಿ ಇದು ಇರುವುದಿಲ್ಲ. ಹೊರಗಿನಿಂದ ನೋಡಿದರೂ ಅದು ಸಣಕಲಾಗಿ ಚೂಪಾಗಿರುತ್ತದೆ, ಹೂಮೊಗ್ಗು ಮಾತ್ರ ತುಂಬಿಕೊಂಡು ದುಂಡಗಿರುತ್ತದೆ. ನಾಲ್ಕಾರು ಕಡ್ಡಿ ನೋಡಿದರೆ ಕಣ್ಣಿಗೇ ಅಭ್ಯಾಸವಾಗಿಬಿಡುತ್ತದೆ.

ಹಾಗಾದರೆ ಚಳಿಯ ಕೊನೆಗೆ ಅರ್ಧಕ್ಕೆ ಸವರಿ ಎಂದು ನಿಮಗೆ ಹೇಳಿದವರು ಸುಳ್ಳು ಹೇಳಿದರೇ? ಇಲ್ಲ, ಬೇರೆ ಗಿಡದ ಪಾಠವನ್ನು ಹೇಳಿದರು. ಹೈಡ್ರೇಂಜಿಯಾ ಪ್ಯಾನಿಕ್ಯುಲಾಟಾ, ಅಂದರೆ ಶಂಕುವಿನಾಕಾರದ ಉದ್ದ ಗೊಂಚಲಿನದು, ಮತ್ತು ಉತ್ತರ ಅಮೆರಿಕ ಮೂಲದ ಅರ್ಬೊರೆಸೆನ್ಸ್, ಇವೆರಡೂ ಆ ವರ್ಷ ಚಿಗುರಿದ ಹೊಸ ಕಡ್ಡಿಯಲ್ಲೇ ಹೂ ಬಿಡುತ್ತವೆ. ಇಲಿನಾಯ್ ರಾಜ್ಯದಲ್ಲಿ ಸಿಕ್ಕು 1962ರಲ್ಲಿ ತೋಟಗಳಿಗೆ ಬಂದ, ದೊಡ್ಡ ಬಿಳಿ ಚೆಂಡಿನ ‘ಅನಾಬೆಲ್’ ತಳಿ ಅರ್ಬೊರೆಸೆನ್ಸ್ ಜಾತಿಯದೇ. ಇವುಗಳನ್ನು ಚಳಿಯ ಕೊನೆಗೆ ಎಷ್ಟು ಸವರಿದರೂ ಕೋಪಿಸಿಕೊಳ್ಳುವುದಿಲ್ಲ, ಬದಲಿಗೆ ಗೊಂಚಲು ಇನ್ನೂ ದಪ್ಪಗಾಗುತ್ತದೆ. ಮ್ಯಾಕ್ರೋಫಿಲಾ, ಸೆರಾಟಾ, ಓಕ್ ಮರದ ಎಲೆಯಂತೆ ಕಚ್ಚುಕಚ್ಚಾದ ಎಲೆಯಿರುವ ಕ್ವೆರ್ಸಿಫೋಲಿಯಾ, ಗೋಡೆ ಹತ್ತುವ ಬಳ್ಳಿ ಹೈಡ್ರೇಂಜಿಯಾ, ಈ ನಾಲ್ಕಕ್ಕೂ ಹಳೆಯ ಕಡ್ಡಿಯೇ ಆಧಾರ. ಹೈಡ್ರೇಂಜಿಯಾ ಎಂಬ ಒಂದೇ ಹೆಸರಿನಡಿ ಎಲ್ಲಕ್ಕೂ ಒಂದೇ ಸಲಹೆ ಕೊಡುವುದರಿಂದ ಹಾಳಾದ ಹೂಗಳಿಗೆ ಲೆಕ್ಕವಿಲ್ಲ. ಈಚಿನ ಕೆಲವು ಮ್ಯಾಕ್ರೋಫಿಲಾ ತಳಿಗಳು, 2004ರಲ್ಲಿ ಮಾರಾಟಕ್ಕೆ ಬಂದ ‘ಎಂಡ್‌ಲೆಸ್ ಸಮ್ಮರ್’ ಮೊದಲಾದವು, ಹಳೆಯ ಕಡ್ಡಿಯಲ್ಲೂ ಹೊಸದರಲ್ಲೂ ಹೂ ಬಿಡುತ್ತವೆ. ಅವುಗಳಲ್ಲೂ ಮೊದಲ, ದೊಡ್ಡ ಸುತ್ತಿನ ಹೂ ಬರುವುದು ಹಳೆಯ ಕಡ್ಡಿಯಿಂದಲೇ.

ಈ ಸಲ ಏನು ಮಾಡಬೇಕೆಂದರೆ, ಏನೂ ಮಾಡಬೇಡಿ. ಚಳಿ ಕಳೆದ ಮೇಲೆ ಎಲೆ ಒಡೆಯುವ ತನಕ ಕಾಯಿರಿ. ಎಲ್ಲ ಕಡ್ಡಿಗಳೂ ಚಿಗುರಿ, ಯಾವುದಾದರೂ ಒಂದು ಬೋಳಾಗಿಯೇ ಉಳಿದರೆ ಉಗುರಿನಿಂದ ತೊಗಟೆ ಕೆರೆಯಿರಿ. ಒಳಗೆ ಹಸಿರಿದ್ದರೆ ಬಿಡಿ, ಕಂದಾಗಿ ಒಣಗಿದ್ದರೆ ಬುಡದವರೆಗೆ ತೆಗೆಯಿರಿ. ಹೂ ಬಂದ ವರ್ಷ, ಹೂ ಬಾಡಿದ ಕೂಡಲೇ ಗೊಂಚಲಿನ ಕೆಳಗೆ ಸಿಗುವ ಮೊದಲ ತುಂಬುಮೊಗ್ಗಿನ ಜೋಡಿಯ ಮೇಲ್ಗಡೆ ಕತ್ತರಿಸಿ. ಅದಕ್ಕಿಂತ ಕೆಳಗಿಳಿಯುವ ಅಗತ್ಯವಿಲ್ಲ. ಹೆಪ್ಪುಗಟ್ಟುವ ಚಳಿ ಬೀಳುವ ಜಾಗವಾದರೆ ಒಣಗಿದ ಗೊಂಚಲನ್ನೂ ಚಳಿ ಮುಗಿಯುವವರೆಗೆ ಹಾಗೆಯೇ ಬಿಡುವುದು ಜಾಣತನ, ಕೆಳಗಿನ ಮೊಗ್ಗಿಗೆ ಅದೇ ಕೊಡೆ. ಗಿಡ ದಟ್ಟವಾಗಿ ಒಳಗೆ ಗಾಳಿಯಾಡುತ್ತಿಲ್ಲ ಅನ್ನಿಸಿದರೆ ವರ್ಷಕ್ಕೊಮ್ಮೆ ತೀರಾ ಹಳೆಯ, ಮರದಂತೆ ಬಲಿತ ಕಡ್ಡಿಗಳಲ್ಲಿ ಮೂರನೇ ಒಂದು ಭಾಗವನ್ನು ನೆಲಮಟ್ಟಕ್ಕೆ ತೆಗೆಯಬಹುದು. ಉಳಿದವನ್ನು ಮುಟ್ಟಬೇಡಿ. ಗಿಡ ಎತ್ತರವಾಗುತ್ತಿದೆ ಎಂಬ ಒಂದೇ ಕಾರಣಕ್ಕೆ ಪ್ರತಿವರ್ಷ ಅರ್ಧಕ್ಕೆ ತರುವುದಾದರೆ ಆ ಜಾಗಕ್ಕೆ ಗಿಡ್ಡ ತಳಿಯೊಂದನ್ನು ಆರಿಸುವುದೇ ಮೇಲು.

ಸವರುವುದನ್ನು ಬಿಟ್ಟ ಮೇಲೂ ಹೂ ಬರದಿದ್ದರೆ ಎರಡು ಕಡೆ ನೋಡಬೇಕು. ಒಂದು ಹವೆ. ಮೊಗ್ಗು ಕೂರಲು ತಂಪು ರಾತ್ರಿಗಳು ಬೇಕು ಎಂದೆನಲ್ಲ, ಇಡೀ ವರ್ಷ ರಾತ್ರಿಯೂ ಸೆಕೆಯಿರುವ ಜಾಗದಲ್ಲಿ ಈ ಗಿಡ ಎಲೆಗಳಲ್ಲೇ ತೃಪ್ತಿಪಟ್ಟುಕೊಳ್ಳುತ್ತದೆ. ಉಡುಗೊರೆಯ ಕುಂಡಗಳಲ್ಲಿ ಹೂ ತುಂಬಿರುವುದಕ್ಕೆ ಬೆಳೆಗಾರರ ಕೈಚಳಕವೇ ಕಾರಣ. ಅವರು ಗಿಡವನ್ನು ತಂಪಿನಲ್ಲಿ ಮೊಗ್ಗು ಕೂರಿಸಿ, ಸುಮಾರು 5ರಿಂದ 7 ಡಿಗ್ರಿಯ ಶೀತಲಗೃಹದಲ್ಲಿ ಆರೆಂಟು ವಾರ ಮಲಗಿಸಿ, ಆಮೇಲೆ ಬೆಚ್ಚಗಿನ ಹಸಿರುಮನೆಗೆ ತಂದು ಎಬ್ಬಿಸುತ್ತಾರೆ. ಮನೆಯಂಗಳದಲ್ಲಿ ಆ ಸೌಕರ್ಯವಿಲ್ಲ. ತಂಪು ಕಾಣದ ಊರಿನಲ್ಲಿರುವವರು ಕುಂಡದ ಹೈಡ್ರೇಂಜಿಯಾವನ್ನು ಋತುವಿನ ಅತಿಥಿಯೆಂದೇ ನೋಡುವುದು ವಾಸಿ. ಪ್ರತಿವರ್ಷ ಅದು ಹೂ ಬಿಡಲಿಲ್ಲವೆಂದು ಕೊರಗುವುದರಲ್ಲಿ ಅರ್ಥವಿಲ್ಲ. ನಿಮ್ಮಲ್ಲಿ ಎರಡು ಗೊಂಚಲಾದರೂ ಬಂದಿವೆ, ಅಂದರೆ ಹವೆ ಒಪ್ಪುತ್ತದೆ. ಇದಕ್ಕೆ ಎದುರಾದ ತೊಂದರೆ ಅತಿಚಳಿಯದು. ಹೂಮೊಗ್ಗು ಹಿಮಕ್ಕೆ ಸುಟ್ಟುಹೋಗುತ್ತದೆ, ಗಿಡ ಮಾತ್ರ ಬುಡದಿಂದ ಮತ್ತೆ ಚಿಗುರಿ ಹಸಿರಾಗುತ್ತದೆ. ಮೊಗ್ಗು ಬಿಚ್ಚಲು ಶುರುವಾದ ಮೇಲೆ ಬೀಳುವ ತಡವಾದ ಇಬ್ಬನಿಹಿಮ ಇನ್ನೂ ಕೆಟ್ಟದ್ದು. ಅಂಥ ರಾತ್ರಿಗಳಲ್ಲಿ ಹಳೆಯ ಬೆಡ್‌ಶೀಟ್ ಹೊದಿಸಿ ಬೆಳಿಗ್ಗೆ ತೆಗೆದರೆ ಸಾಕು. ಪ್ಲಾಸ್ಟಿಕ್ ಬೇಡ, ಎಲೆಗೆ ತಾಗಿದಲ್ಲೆಲ್ಲ ಚಳಿ ನೇರ ಇಳಿಯುತ್ತದೆ.

ಇನ್ನೊಂದು ಗೊಬ್ಬರ. ಹುಲ್ಲುಹಾಸಿನ ಗೊಬ್ಬರದಲ್ಲಿ ಸಾರಜನಕವೇ ಯಜಮಾನ, ಏಕೆಂದರೆ ಹುಲ್ಲಿನಿಂದ ನಾವು ಬಯಸುವುದು ಎಲೆ ಮಾತ್ರ. ನಿಮ್ಮ ಗಿಡ ಕೊಟ್ಟದ್ದನ್ನು ತಿಂದು ಹೇಳಿದ ಹಾಗೆ ಎಲೆ ಬಿಟ್ಟಿದೆ. ಅದನ್ನು ಇಂದೇ ನಿಲ್ಲಿಸಿ. ಎಲೆ ಒಡೆಯುವ ಹೊತ್ತಿಗೆ ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಕೊಟ್ಟಿಗೆ ಗೊಬ್ಬರವನ್ನು ಬುಡದ ಸುತ್ತ ಎರಡು ಬೆರಳು ದಪ್ಪ ಹರಡಿದರೆ ವರ್ಷಕ್ಕೆ ಬಹುಮಟ್ಟಿಗೆ ಸಾಕಾಗುತ್ತದೆ. ಬೇಸಿಗೆ ಮುಗಿಯುತ್ತ ಬಂದಮೇಲೆ ಯಾವ ಗೊಬ್ಬರವನ್ನೂ ಹಾಕಬೇಡಿ. ಆಗ ಬರುವ ಎಳೆಚಿಗುರು ಬಲಿಯುವ ಮೊದಲೇ ಚಳಿ ಬಂದುಬಿಡುತ್ತದೆ.

ಮಧ್ಯಾಹ್ನ ಜೋತುಬೀಳುವ ಎಲೆ ನೋಡಿ ಬಹಳ ಜನ ಮೋಸಹೋಗುತ್ತಾರೆ. ಅಷ್ಟು ಅಗಲದ ಎಲೆ ಬಿಸಿಲಿನಲ್ಲಿ ಆವಿಮಾಡುವಷ್ಟು ನೀರನ್ನು ಬೇರು ಅದೇ ವೇಗದಲ್ಲಿ ಮೇಲೆ ಕಳಿಸಲಾರದು, ಮಣ್ಣು ಒದ್ದೆಯಿದ್ದರೂ ಅಷ್ಟೇ. ಸಂಜೆ ತಂಪಾದಾಗ ಎಲೆ ತಾನಾಗಿ ನೆಟ್ಟಗಾಗುತ್ತದೆ. ಆದ್ದರಿಂದ ಗಿಡವನ್ನು ಮಧ್ಯಾಹ್ನ ನೋಡಬೇಡಿ, ಬೆಳಿಗ್ಗೆ ನೋಡಿ. ಬೆಳಿಗ್ಗೆಯೂ ಬಾಡಿದ್ದರೆ ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ. ಒಳಗೆ ಒಣಗಿದ್ದರೆ ನಿಜವಾದ ಬಾಯಾರಿಕೆ. ಒಳಗೆ ಪಚಪಚ ಎಂದರೆ ಬೇರು ಕೊಳೆಯತೊಡಗಿದೆ, ನೀರು ಹಾಕಿದಷ್ಟೂ ಗಿಡ ಸಾವಿಗೆ ಹತ್ತಿರವಾಗುತ್ತದೆ. ಎರಡೂ ರೋಗಕ್ಕೆ ಹೊರಗಿನ ಲಕ್ಷಣ ಒಂದೇ, ಮದ್ದು ತದ್ವಿರುದ್ಧ. ದಿನಕ್ಕೆ ಎರಡು ಸಲ ಮೇಲ್ಮೇಲೆ ಚಿಮುಕಿಸುವುದಕ್ಕಿಂತ ವಾರಕ್ಕೆ ಎರಡು ಮೂರು ಸಲ, ನೀರು ಒಂದು ಗೇಣು ಆಳಕ್ಕೆ ಇಳಿಯುವಂತೆ ನಿಧಾನವಾಗಿ ಉಣಿಸುವುದು ಒಳ್ಳೆಯದು. ಬೆಳಗಿನ ಹೊತ್ತು, ಎಲೆಗೆ ತಾಗದಂತೆ, ಬುಡಕ್ಕೆ. ಒಣಎಲೆ ಅಥವಾ ತೊಗಟೆ ಚೂರುಗಳ ಹೊದಿಕೆ 5ರಿಂದ 8 ಸೆಂಟಿಮೀಟರ್ ದಪ್ಪ ಇರಲಿ, ಕಡ್ಡಿಯ ಬುಡಕ್ಕೆ ಒತ್ತಿಕೊಳ್ಳದಂತೆ ನಾಲ್ಕು ಬೆರಳು ಜಾಗ ಬಿಡಿ. ಕುಂಡದ ಗಿಡವಾದರೆ ಈ ಲೆಕ್ಕ ನಡೆಯುವುದಿಲ್ಲ, ಬಿಸಿಲುಗಾಲದಲ್ಲಿ ಅದಕ್ಕೆ ದಿನವೂ ನೀರು ಬೇಕಾಗಬಹುದು.

ಈಗ ಗೋಡೆಯ ವಿಷಯ. ಗುಲಾಬಿ ಬಣ್ಣ, ಹಳದಿ ಎಲೆ ಎರಡರ ಮೂಲವೂ ಬಹುಶಃ ಅಲ್ಲೇ ಇದೆ.

ಬಣ್ಣದ ಕಥೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಹೂವಿನಲ್ಲಿ ನಾವು ಎಸಳೆಂದುಕೊಳ್ಳುವುದು ಎಸಳಲ್ಲ, ಅಗಲವಾಗಿ ಬೆಳೆದ ಪುಷ್ಪಪತ್ರ, ಅಂದರೆ ಮಿಕ್ಕ ಹೂಗಳಲ್ಲಿ ಮೊಗ್ಗನ್ನು ಹೊರಗಿನಿಂದ ಹಸಿರಾಗಿ ಹಿಡಿದುಕೊಂಡಿರುವ ಭಾಗ. ನಿಜವಾದ ಹೂ ನೋಡಬೇಕೆಂದರೆ ಚಪ್ಪಟೆ ಗೊಂಚಲಿನ ಲೇಸ್‌ಕ್ಯಾಪ್ ತಳಿಗಳ ನಡುಭಾಗಕ್ಕೆ ಭೂತಗನ್ನಡಿ ಹಿಡಿಯಿರಿ. ಗುಂಡುಸೂಜಿ ತಲೆಯಷ್ಟೇ ಇರುವ ಹೂಗಳು ಪುಟ್ಟ ಕೇಸರಗಳನ್ನು ಚಾಚಿ ನಿಂತಿರುತ್ತವೆ, ಸುತ್ತಲಿನ ಅಗಲ ಹೂಗಳು ಬರೀ ಜೇನ್ನೊಣ ಕರೆಯುವ ಬಾವುಟ. ನಿಮ್ಮ ಚೆಂಡುಹೂವಿನ ತಳಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಾವುಟವೇ.

ಆ ಪುಷ್ಪಪತ್ರಗಳಲ್ಲಿರುವ ವರ್ಣದ್ರವ್ಯ ಡೆಲ್ಫಿನಿಡಿನ್ ಗ್ಲೂಕೋಸೈಡ್ ಎಂಬ ಆಂಥೋಸಯನಿನ್. ಗುಲಾಬಿ ಹೂವಿನಲ್ಲೂ ಅದೇ, ನೀಲಿಯಲ್ಲೂ ಅದೇ. ವ್ಯತ್ಯಾಸ ಮಾಡುವುದು ಅಲ್ಯುಮಿನಿಯಂ. ಬೇರು ಹೀರಿಕೊಂಡ ಅಲ್ಯುಮಿನಿಯಂ ಹೂವಿಗೆ ತಲುಪಿ, ಆ ವರ್ಣದ್ರವ್ಯವನ್ನೂ ಅಲ್ಲೇ ಇರುವ ಬಣ್ಣವಿಲ್ಲದ ಸಹಾಯಕ ದ್ರವ್ಯವನ್ನೂ ಒಟ್ಟಿಗೆ ಹಿಡಿದರೆ ನೀಲಿ, ತಲುಪದಿದ್ದರೆ ಗುಲಾಬಿ. ಮಣ್ಣಿನಲ್ಲಿ ಅಲ್ಯುಮಿನಿಯಂಗೆ ಬರವಿಲ್ಲ, ಆದರೆ ಅದು ನೀರಿನಲ್ಲಿ ಕರಗಿ ಬೇರಿಗೆ ಸಿಗುವುದು ಮಣ್ಣು ಹುಳಿಯಾಗಿದ್ದಾಗ ಮಾತ್ರ. ಮಣ್ಣಿನ ರಸಸಾರ, ಅಂದರೆ ಹುಳಿಯನ್ನು ಅಳೆಯುವ ಪಿಎಚ್ ಅಂಕಿ (ಕಡಿಮೆಯಾದಷ್ಟೂ ಹುಳಿ ಹೆಚ್ಚು), 5.5ಕ್ಕಿಂತ ಕಡಿಮೆಯಿದ್ದರೆ ನೀಲಿ, 6.5 ದಾಟಿದರೆ ಗುಲಾಬಿ, ನಡುವೆ ನೇರಳೆಯ ನಾನಾ ಛಾಯೆಗಳು. ಒಂದೇ ಗಿಡದಲ್ಲಿ ಒಂದು ಮಗ್ಗುಲು ನೀಲಿ, ಇನ್ನೊಂದು ಮಗ್ಗುಲು ಗುಲಾಬಿ ಬಂದರೆ ಗಾಬರಿಯಾಗಬೇಡಿ, ಬೇರುಗಳು ಬೇರೆ ಬೇರೆ ಮಣ್ಣಿಗಿಳಿದಿವೆ, ಅಷ್ಟೇ. ಬಿಳಿಯ ತಳಿಗಳಿಗೆ ಈ ಯಾವುದೂ ಅನ್ವಯಿಸುವುದಿಲ್ಲ, ಏನು ಹಾಕಿದರೂ ಅವು ಬಿಳಿಯೇ. ಹೂ ಹಳತಾಗುತ್ತ ಹಸಿರಿಗೆ ತಿರುಗುವುದು ವಯಸ್ಸಿನ ಬಣ್ಣ, ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲ.

ಗೋಡೆಯ ಬುಡದ ಮಣ್ಣಿಗೆ ಸಿಮೆಂಟು, ಗಾರೆಯಿಂದ ಸುಣ್ಣ ಇಳಿಯುತ್ತಲೇ ಇರುತ್ತದೆ. ಕಟ್ಟಡದ ಕಾಲದ ಗಾರೆಚೂರುಗಳು ಹೂತಿರುವುದೂ ಉಂಟು. ಆ ಮಣ್ಣಿನ ರಸಸಾರ ಏರಿ ಅಲ್ಯುಮಿನಿಯಂ ಬೇರಿಗೆ ಸಿಗದಾಯಿತು, ಹೂ ಗುಲಾಬಿಯಾಯಿತು. ರಸಸಾರ ಇನ್ನೂ ಏರಿದಂತೆ ಕಬ್ಬಿಣವೂ ಸಿಗದಾಯಿತು, ಹೊಸ ಎಲೆ ಹಳದಿಯಾಯಿತು. ನರ ಹಸಿರಾಗಿ ನಡುವೆ ಮಾತ್ರ ಹಳದಿಯಾಗುವುದು, ಅದೂ ಎಳೆ ಎಲೆಯಲ್ಲೇ ಮೊದಲು ಕಾಣುವುದು ಕಬ್ಬಿಣದ ಕೊರತೆಯ ಗುರುತು. ಸಾರಜನಕದ ಕೊರತೆಯಾದರೆ ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾಗುತ್ತವೆ. ದಿನವಿಡೀ ಒದ್ದೆಯಾಗಿರುವ ಬೇರು ಕಬ್ಬಿಣ ಹೀರುವುದರಲ್ಲೂ ಹಿಂದೆ ಬೀಳುತ್ತದೆ, ಹಾಗಾಗಿ ನಿಮ್ಮ ಎರಡು ಹೊತ್ತಿನ ನೀರಿಗೂ ಇದರಲ್ಲಿ ಪಾಲಿದೆ.

ತುಕ್ಕಿನ ಮೊಳೆ ಕಿತ್ತುಹಾಕಿ. ನೀಲಿ ಬರುವುದು ಕಬ್ಬಿಣದಿಂದಲ್ಲ, ಅಲ್ಯುಮಿನಿಯಂನಿಂದ. ಹಳದಿ ಎಲೆಗಾದರೂ ಮೊಳೆ ಉಪಯೋಗಕ್ಕೆ ಬಂದೀತೇ ಎಂದರೆ ಅದೂ ಇಲ್ಲ, ಸುಣ್ಣದ ಮಣ್ಣಿನಲ್ಲಿ ತುಕ್ಕು ಕರಗುವುದೇ ಇಲ್ಲ. ನೆಲ ಅಗೆಯುವಾಗ ಕೈಗೆ ಚುಚ್ಚುವುದೊಂದೇ ಅದರ ಫಲ. ಕಾಫಿ ಚರಟದ ಹುಳಿ ಬಹುಪಾಲು ಕಾಫಿಯ ಜೊತೆಗೇ ಲೋಟಕ್ಕೆ ಹೋಗಿರುತ್ತದೆ. ಉಳಿದದ್ದು ಕಾಂಪೋಸ್ಟ್ ಗುಂಡಿಗೆ ಒಳ್ಳೆಯದು, ಬಣ್ಣ ಬದಲಿಸುವ ಶಕ್ತಿ ಅದಕ್ಕಿಲ್ಲ.

ನೀಲಿಯೇ ಬೇಕೆಂದಿದ್ದರೆ ಮೊದಲು ಮಣ್ಣಿನ ರಸಸಾರ ಪರೀಕ್ಷಿಸಿ. ಊಹೆಯ ಮೇಲೆ ಏನನ್ನೂ ಸುರಿಯಬೇಡಿ. ಮಣ್ಣನ್ನು ಹುಳಿ ಮಾಡಲು ಗಂಧಕದ ಪುಡಿ ಬಳಸಬಹುದು. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸಬೇಕಾದ್ದರಿಂದ ಫಲ ಕಾಣಲು ತಿಂಗಳುಗಳೇ ಬೇಕು, ಆದರೆ ನಿಧಾನವಾದದ್ದರಿಂದಲೇ ಗಿಡಕ್ಕೆ ಹಿತ. ಬೇಗ ಬೇಕೆಂದರೆ ಅಲ್ಯುಮಿನಿಯಂ ಸಲ್ಫೇಟ್: ಹುಳಿಯನ್ನೂ ಅಲ್ಯುಮಿನಿಯಂ ಅನ್ನೂ ಒಟ್ಟಿಗೆ ಕೊಡುತ್ತದೆ. ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ, 4 ಲೀಟರ್ ನೀರಿನಲ್ಲಿ ಕರಗಿಸಿ, ಮೊದಲೇ ನೀರುಣಿಸಿದ ಮಣ್ಣಿಗೆ ಹಾಕಿ. ಎಲೆ ಒಡೆದು ಗಿಡ ಬೆಳವಣಿಗೆ ಹಿಡಿದ ಮೇಲೆ ಶುರುಮಾಡಿ ಎರಡು ಮೂರು ವಾರಕ್ಕೊಮ್ಮೆ, ಮೂರ್ನಾಲ್ಕು ಸಲ ಸಾಕು. ಹೂ ಬಣ್ಣ ಕಟ್ಟಿದ ಮೇಲೆ ಹಾಕಿದರೆ ಆ ವರ್ಷ ಉಪಯೋಗವಿಲ್ಲ. ಪುಡಿಯನ್ನು ಒಣದಾಗಿ ಮುಷ್ಟಿಗಟ್ಟಲೆ ಹಾಕಿದರೆ ಬೇರು ಸುಟ್ಟುಹೋಗುತ್ತದೆ. ಹೊಸದಾಗಿ ನೆಟ್ಟ ಗಿಡಕ್ಕಂತೂ ಹಾಕಲೇಬೇಡಿ. ಅಲ್ಯುಮಿನಿಯಂ ಮತ್ತು ರಂಜಕ ಮಣ್ಣಿನಲ್ಲಿ ಒಂದನ್ನೊಂದು ಕಟ್ಟಿಹಾಕುತ್ತವೆ, ಆದ್ದರಿಂದ ನೀಲಿ ಬೇಕಾದವರು ಮೂಳೆಪುಡಿ, ಸೂಪರ್ ಫಾಸ್ಫೇಟ್ ಹತ್ತಿರ ಸುಳಿಯಬಾರದು. ಗಡಸು ನೀರು ಇನ್ನೊಂದು ಗುಪ್ತಶತ್ರು. ನೀವು ಒಂದು ಕೈಯಲ್ಲಿ ಹುಳಿ ಹಾಕುತ್ತಿದ್ದರೆ ಅದು ಇನ್ನೊಂದು ಕೈಯಲ್ಲಿ ಸುಣ್ಣ ಹಾಕುತ್ತಿರುತ್ತದೆ. ಮಳೆನೀರು ಹಿಡಿದಿಟ್ಟುಕೊಂಡವರಿಗೆ ಆ ತಾಪತ್ರಯವಿಲ್ಲ.

ಇಷ್ಟು ಹೇಳಿಯೂ ನನ್ನ ಅಭಿಪ್ರಾಯ ಕೇಳಿದರೆ, ಸುಣ್ಣದ ನೆಲದೊಡನೆ ವರ್ಷವಿಡೀ ಗುದ್ದಾಡಿ ತರಿಸಿದ ಮಾಸಲು ನೀಲಿಗಿಂತ ತಾನಾಗಿ ಬಂದ ತುಂಬುಗುಲಾಬಿ ಚೆಂದ. ಕಡುನೀಲಿಯ ಹಂಬಲ ಬಿಡದಿದ್ದರೆ ಒಂದು ಗಿಡವನ್ನು ದೊಡ್ಡ ಕುಂಡದಲ್ಲಿಟ್ಟು, ಹುಳಿ ಮಣ್ಣಿನ ಮಿಶ್ರಣ ತುಂಬಿ ಅಲ್ಲಿ ಬೇಕಾದ್ದು ಮಾಡಿಕೊಳ್ಳಿ. ಒಂದು ಕುಂಡದ ಮಣ್ಣು ನಿಮ್ಮ ಮಾತು ಕೇಳುತ್ತದೆ, ಅಂಗಳದ್ದು ಕೇಳುವುದಿಲ್ಲ. ಗುಲಾಬಿಯನ್ನೇ ಇಷ್ಟಪಟ್ಟರೂ ಹಳದಿ ಎಲೆಗೆ ಮದ್ದು ಬೇಕೇ ಬೇಕು. ತಕ್ಷಣಕ್ಕೆ ಕೀಲೇಟ್ ರೂಪದ ಕಬ್ಬಿಣ, ಅಂದರೆ ಮಣ್ಣಿನಲ್ಲಿ ಸಿಕ್ಕಿಬೀಳದೆ ಬೇರಿಗೆ ಸಿಗುವಂತೆ ಕಟ್ಟಿಕೊಟ್ಟ ಕಬ್ಬಿಣ ಕೊಡಿ. ಅದರಲ್ಲೂ ಇಡಿಡಿಎಚ್‌ಎ ಎಂದು ಬರೆದಿರುವುದು ಸುಣ್ಣದ ಮಣ್ಣಿನಲ್ಲೂ ಕೆಲಸ ಮಾಡುತ್ತದೆ. ಶಾಶ್ವತ ಪರಿಹಾರವೆಂದರೆ ಗಿಡವನ್ನು ಗೋಡೆಯಿಂದ ದೂರ ಒಯ್ಯುವುದು.

ಅದಕ್ಕೆ ಸರಿಯಾದ ಸಮಯ ಎಲೆ ಉದುರಿ ಗಿಡ ಮಲಗಿದ ಮೇಲೆ, ಮೊಗ್ಗು ಊದಿಕೊಳ್ಳುವ ಮುಂಚೆ. ನೆಲ ಹೆಪ್ಪುಗಟ್ಟಿರುವಾಗ ಮಾತ್ರ ಬೇಡ. ಹೊಸ ಜಾಗ ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರವಿರಲಿ, ಬೆಳಗಿನ ಬಿಸಿಲು ನಾಲ್ಕು ಗಂಟೆಯಾದರೂ ಸಿಗಲಿ, ನಡುಮಧ್ಯಾಹ್ನದಿಂದ ನೆರಳಿರಲಿ. ನೆರಳಿನ ಗಿಡವೆಂದು ದಟ್ಟ ಮರದಡಿಗೆ ತಳ್ಳಿದರೆ ಮತ್ತೆ ಎಲೆಯ ಗುಡ್ಡವೇ, ಮರದ ಬೇರುಗಳೊಡನೆ ನೀರಿಗೆ ಜಗಳ ಬೇರೆ. ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಹೆಂಟೆಯನ್ನು ಆಳಕ್ಕಿಂತ ಅಗಲಕ್ಕೆ ತೆಗೆಯಿರಿ, ಗೋಣಿಯ ಮೇಲೆ ಕೂರಿಸಿ ಎಳೆದೊಯ್ಯಿರಿ. ಗುಂಡಿ ಹೆಂಟೆಯ ಎರಡರಷ್ಟು ಅಗಲ, ಆಳ ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ. ನೆಟ್ಟ ಮೇಲೆ ಅಭ್ಯಾಸಬಲದಿಂದ ಕಡ್ಡಿ ಸವರಬೇಡಿ, ಹೂಮೊಗ್ಗು ತುದಿಯಲ್ಲೇ ಕೂತಿದೆ! ಸ್ಥಳಾಂತರವಾದ ವರ್ಷ ಗಿಡ ಸ್ವಲ್ಪ ಮುನಿಸಿಕೊಳ್ಳಬಹುದು, ಬೇರೂರಿದ ಮೇಲೆ ಸರಿಹೋಗುತ್ತದೆ.

ನೀವು ಕೇಳದಿದ್ದರೂ ಮಳೆಯ ದಿನಗಳಲ್ಲಿ ಎಲೆಯ ಮೇಲೆ ನೇರಳೆ ಅಂಚಿನ ಚುಕ್ಕೆಗಳು ಕಂಡರೆ ಅದು ಸರ್ಕೋಸ್ಪೋರಾ ಎಂಬ ಶಿಲೀಂಧ್ರ. ನೋಡಲು ಅಸಹ್ಯ, ಗಿಡವನ್ನೇನೂ ಕೊಲ್ಲುವುದಿಲ್ಲ. ಉದುರಿದ ಎಲೆ ಗುಡಿಸಿ ತೆಗೆದು, ಎಲೆಗೆ ನೀರು ಹಾರದಂತೆ ನೋಡಿಕೊಂಡರೆ ಹತೋಟಿಗೆ ಬರುತ್ತದೆ. ಬೂದಿರೋಗಕ್ಕೂ ಗಾಳಿಯಾಟವೇ ಅರ್ಧ ಮದ್ದು.

ಗಿಡ ಕೀಳುವ ಮೊದಲು ನಾಲ್ಕು ಕಡ್ಡಿ ಬೇರು ಬರಿಸಿಟ್ಟುಕೊಳ್ಳಿ, ಅಕಸ್ಮಾತ್ ದೊಡ್ಡದು ಹೋದರೂ ತಳಿ ಉಳಿಯುತ್ತದೆ. ಬೇಸಿಗೆಯ ಮೊದಲ ಭಾಗದಲ್ಲಿ, ಹೂವಿಲ್ಲದ ಈ ವರ್ಷದ ಚಿಗುರನ್ನು 10ರಿಂದ 15 ಸೆಂಟಿಮೀಟರ್ ಉದ್ದಕ್ಕೆ, ಗೆಣ್ಣಿನ ಕೆಳಗೇ ಕತ್ತರಿಸಿ. ತುದಿಯ ಎರಡೆಲೆ ಬಿಟ್ಟು ಉಳಿದವನ್ನು ತೆಗೆಯಿರಿ, ಆ ಎರಡನ್ನೂ ಅಡ್ಡಲಾಗಿ ಅರ್ಧ ಕತ್ತರಿಸಿ, ಆವಿ ಕಡಿಮೆಯಾಗುತ್ತದೆ. ಬೇರಿನ ಹಾರ್ಮೋನು ಪುಡಿ ಇದ್ದರೆ ಒತ್ತಿ, ಇಲ್ಲದಿದ್ದರೂ ನಡೆಯುತ್ತದೆ. ಒದ್ದೆ ಮರಳು ಅಥವಾ ಪರ್ಲೈಟ್ ತುಂಬಿದ ಕುಂಡದಲ್ಲಿ ಒಂದು ಗೆಣ್ಣು ಮುಚ್ಚುವಂತೆ ಊರಿ, ಎಲೆಗೆ ತಾಗದಂತೆ ಪಾಲಿಥಿನ್ ಚೀಲ ಕವುಚಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ಮೂರ್ನಾಲ್ಕು ವಾರಕ್ಕೆ ಬೇರು ಬರುತ್ತದೆ. ಕಡ್ಡಿಯನ್ನು ಮೆಲ್ಲಗೆ ಎಳೆದಾಗ ಹಿಡಿತ ಸಿಕ್ಕರೆ ಬಂದಿದೆ ಎಂದೇ ಲೆಕ್ಕ. ಇನ್ನೂ ಸುಲಭದ ದಾರಿ, ನೆಲಕ್ಕೆ ಬಾಗುವ ಕಡ್ಡಿಯೊಂದರ ಗೆಣ್ಣನ್ನು ಸ್ವಲ್ಪ ಗೀರಿ ಮಣ್ಣಿನಲ್ಲಿ ಅದುಮಿ, ಮೇಲೊಂದು ಕಲ್ಲಿಡುವುದು. ಅದು ತಾಯಿಯ ಹಾಲು ಕುಡಿಯುತ್ತಲೇ ಬೇರು ಬಿಡುತ್ತದೆ. ಎರಡೂ ಬಗೆಯ ಮರಿಗಿಡಗಳನ್ನು ಮೊದಲ ಚಳಿಗಾಲ ಹೆಪ್ಪುಗಟ್ಟದ ಜಾಗದಲ್ಲಿ ಕಾಪಾಡಿ. ಪೊದೆಯಾಗಲೆಂದು ತುದಿ ಚಿವುಟುವುದಾದರೆ ಬೇಸಿಗೆಯ ನಡುವಿಗೇ ಮುಗಿಸಿ, ಆಮೇಲೆ ಚಿವುಟಿದ ಪ್ರತಿ ತುದಿಯೂ ಮುಂದಿನ ವರ್ಷದ ಒಂದು ಗೊಂಚಲು.